ಪ್ರೋಗ್ರಾಮಿಂಗ್ ಭಾಷೆಗೆ ಸರ್ಕಾರದ ಹಣ: ಯಾವುದಕ್ಕೆ ಮೊದಲು, ಯಾವುದಕ್ಕೆ ಆಮೇಲೆ

ಒಂದು ಪ್ರೋಗ್ರಾಮಿಂಗ್ ಭಾಷೆಯನ್ನು ಬೆಂಬಲಿಸಲು ಸರ್ಕಾರವೊಂದು ಹಣ ತೆಗೆದಿರಿಸಿದಾಗ ಆ ಹಣ ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಕೆಲಸಗಳ ಕಡೆಗೆ ಹರಿಯುತ್ತದೆ. ತರಬೇತಿ ಶಿಬಿರ, ಸಮಾವೇಶ, ಸ್ಪರ್ಧೆ, ಹೊಸದೊಂದು ಸಲಕರಣೆಯ ಬಿಡುಗಡೆ ಮುಂತಾದವುಗಳಿಗೆ ಉದ್ಘಾಟನೆಯ ದಿನಾಂಕವಿರುತ್ತದೆ, ವರದಿಯಲ್ಲಿ ತೋರಿಸಲು ಸಂಖ್ಯೆಯೂ ಇರುತ್ತದೆ. ಬರೆದ ಪ್ರೋಗ್ರಾಮನ್ನು ಗಣಕಕ್ಕೆ ಅರ್ಥವಾಗುವ ರೂಪಕ್ಕೆ ತರುವ ಕಂಪೈಲರಿನ ಹಳೆಯ ದೋಷವೊಂದನ್ನು ಮೂರು ವಾರ ಕೂತು ಸರಿಪಡಿಸಿದ ಕೆಲಸಕ್ಕೆ ಅವೆರಡೂ ಇಲ್ಲ. ಆದರೆ ಭಾಷೆಯನ್ನು ಹೊತ್ತು ನಿಂತಿರುವುದು ಆ ಕೆಲಸವೇ. ಹಣ ಹಂಚುವ ಹೊಣೆ ಹೊತ್ತ ಅಧಿಕಾರಿಗಳಿಗೂ ಅವರಿಗೆ ಸಲಹೆ ಕೊಡುವ ತಂತ್ರಜ್ಞರಿಗೂ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದು: ಸಾರ್ವಜನಿಕ ಸೇವೆಗಳು ಈಗಾಗಲೇ ಯಾವುದರ ಮೇಲೆ ನಿಂತಿವೆಯೋ ಅದನ್ನು ಗಟ್ಟಿಯಾಗಿರಿಸುವ ದುಡಿಮೆಗೆ ಮೊದಲ ಪಾಲು ಸಲ್ಲಬೇಕು, ಹೊಸತನ್ನು ಕಟ್ಟುವ ಮಾತು ಅದರ ನಂತರ ಬರಬೇಕು.

ಇಲ್ಲಿ ಭಾಷೆ ಎಂದಾಗ ಅದರ ವ್ಯಾಕರಣವನ್ನು ಮಾತ್ರ ಎಣಿಸಬಾರದು. ಭಾಷೆಯ ನಿಯಮಗಳನ್ನು ಬರೆದಿಟ್ಟ ದಾಖಲೆ, ಕಂಪೈಲರ್ ಅಥವಾ ಪ್ರೋಗ್ರಾಮನ್ನು ಓದುತ್ತಲೇ ನಡೆಸುವ ಇಂಟರ್‌ಪ್ರಿಟರ್, ಮತ್ತೆ ಮತ್ತೆ ಬೇಕಾಗುವ ಸಿದ್ಧ ಕೋಡಿನ ಸಂಗ್ರಹವಾದ ಮೂಲ ಲೈಬ್ರರಿ, ಜಗತ್ತಿನ ಪ್ರೋಗ್ರಾಮರುಗಳು ಬರೆದ ಸಿದ್ಧ ಕೋಡಿನ ಕಟ್ಟುಗಳನ್ನು, ಅಂದರೆ ಪ್ಯಾಕೇಜುಗಳನ್ನು, ಹಂಚುವ ಭಂಡಾರ, ದೋಷ ಹುಡುಕುವ ಸಲಕರಣೆಗಳು, ಕೈಪಿಡಿಗಳು, ಇವೆಲ್ಲವನ್ನೂ ನೋಡಿಕೊಳ್ಳುವ ಜನರು ಎಲ್ಲರೂ ಸೇರಿಯೇ ಭಾಷೆ. ಒಂದು ಭಾಷೆಯ ಕಂಪೈಲರ್ ಗಟ್ಟಿಯಿದ್ದು ಭಂಡಾರ ದುರ್ಬಲವಾಗಿರಬಹುದು, ಇನ್ನೊಂದರಲ್ಲಿ ಎಲ್ಲವೂ ಇದ್ದು ಜನರೇ ಕಡಿಮೆಯಿರಬಹುದು. ಆದ್ದರಿಂದ "ಈ ಭಾಷೆಗೆ ಇಷ್ಟು ಹಣ" ಎಂದು ಒಂದೇ ಮೊತ್ತವನ್ನು ಬರೆದಿಡುವುದು ಯೋಜನೆಯಾಗುವುದಿಲ್ಲ.

ಮೊದಲು ಲೆಕ್ಕ

ಯಾವ ಸೇವೆ ಯಾವ ಭಾಷೆಯ ಮೇಲೆ ನಿಂತಿದೆ ಎಂಬ ಪಟ್ಟಿಯಿಲ್ಲದೆ ಆದ್ಯತೆಯ ಮಾತನ್ನು ಆರಂಭಿಸಲೇಬಾರದು. 1970ರ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಇಂಥ ಲೆಕ್ಕ ಹಾಕಿದಾಗ ತನ್ನ ಯೋಜನೆಗಳಲ್ಲಿ 450ಕ್ಕೂ ಹೆಚ್ಚು ಭಾಷೆಗಳೂ ಉಪಭಾಷೆಗಳೂ ಬಳಕೆಯಲ್ಲಿರುವುದು ಅದಕ್ಕೆ ತಿಳಿಯಿತು. ಅಡಾ ಭಾಷೆ ಹುಟ್ಟಿದ್ದು ಆ ಲೆಕ್ಕದಿಂದಲೇ. ಅಡಾದ ಮುಂದಿನ ಕಥೆಯ ಬಗ್ಗೆ ಏನೇ ಅಭಿಪ್ರಾಯವಿರಲಿ, ಎಣಿಸಿ ನೋಡಿದ್ದಂತೂ ಸರಿಯಾದ ಮೊದಲ ಹೆಜ್ಜೆ. 2020ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯ ರಾಜ್ಯಪಾಲರು ಕೋಬಾಲ್ ಎಂಬ ಹಳೆಯ ಭಾಷೆ ಬಲ್ಲ ಸ್ವಯಂಸೇವಕರು ಬೇಕೆಂದು ಬಹಿರಂಗವಾಗಿ ಕೇಳಿಕೊಂಡದ್ದು ಇದಕ್ಕೆ ವಿರುದ್ಧವಾದ ನಿದರ್ಶನ. ಆ ಭಾಷೆಯ ಮೇಲೆ ನಿಂತಿದ್ದ ವ್ಯವಸ್ಥೆಗೆ ನಿರುದ್ಯೋಗ ಭತ್ಯೆಯ ಅರ್ಜಿಗಳು ದಿಢೀರನೆ ಏರಿದ ಹೊತ್ತಿನಲ್ಲಿ ಆ ಕರೆ ಹೊರಟಿತು. ಯಾವ ಭಾಷೆ ಬಲ್ಲವರು ಎಷ್ಟು ಜನ ಬೇಕು ಎಂಬ ಲೆಕ್ಕವನ್ನು ಆಪತ್ತು ಬಂದ ಮೇಲೆ ಮಾಡುವಂತಾಗಬಾರದು.

ಪಟ್ಟಿಯಲ್ಲಿ ಭಾಷೆಯ ಹೆಸರಿದ್ದರೆ ಸಾಲದು. ಆವೃತ್ತಿ ಯಾವುದು, ಕಂಪೈಲರ್ ಯಾರದು, ಯಾವ ಯಾವ ಪ್ಯಾಕೇಜುಗಳನ್ನು ಎಳೆದುಕೊಂಡಿದೆ, ಆ ಪ್ಯಾಕೇಜುಗಳು ತಾವು ಇನ್ನಾವುದನ್ನು ಅವಲಂಬಿಸಿವೆ, ಇಲಾಖೆಯೊಳಗೆ ಅದನ್ನು ಬಲ್ಲವರು ಎಷ್ಟು ಮಂದಿ, ಅವರಲ್ಲಿ ನಿವೃತ್ತಿಯ ಹತ್ತಿರವಿರುವವರು ಎಷ್ಟು, ಇವೆಲ್ಲವೂ ಬೇಕು. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಲೈಬ್ರರಿಯಲ್ಲಿ ಗಂಭೀರ ದೋಷ ಬಯಲಾದಾಗ ಅದು ತಮ್ಮ ಯಾವ ವ್ಯವಸ್ಥೆಯೊಳಗೆ ಅಡಗಿದೆ ಎಂದು ಹುಡುಕುವುದರಲ್ಲೇ ಎಷ್ಟೋ ಸಂಸ್ಥೆಗಳು ದಿನಗಟ್ಟಲೆ ಕಳೆದವು. ಈ ಲೆಕ್ಕಕ್ಕೆ ತಗಲುವ ಖರ್ಚು ಒಟ್ಟು ಬಜೆಟ್ಟಿನಲ್ಲಿ ಸಣ್ಣದು. ಆದರೂ ಅದಕ್ಕೆ ಪ್ರತ್ಯೇಕ ಶೀರ್ಷಿಕೆ ಇರಬೇಕು, ಏಕೆಂದರೆ ಶೀರ್ಷಿಕೆಯಿಲ್ಲದ ಕೆಲಸ ಎರಡನೆಯ ವರ್ಷಕ್ಕೆ ನಿಂತುಹೋಗುತ್ತದೆ.

ಮೂರು ಪ್ರಶ್ನೆಗಳು

ಪಟ್ಟಿ ಕೈಗೆ ಬಂದ ಮೇಲೆ ಪ್ರತಿಯೊಂದು ಭಾಷೆಯ ಪ್ರತಿಯೊಂದು ಭಾಗದ ಬಗ್ಗೆಯೂ ಮೂರು ಪ್ರಶ್ನೆಗಳನ್ನು ಕೇಳಬೇಕು. ಇದು ಕೈಕೊಟ್ಟರೆ ಯಾವ ಸಾರ್ವಜನಿಕ ಸೇವೆ ನಿಲ್ಲುತ್ತದೆ? ಇದರ ಖರ್ಚನ್ನು ಈಗ ಬೇರೆ ಯಾರಾದರೂ ಭರಿಸುತ್ತಿದ್ದಾರೆಯೇ? ನಮ್ಮ ಹಣ ನಿಂತ ಮೇಲೂ ಉಳಿಯುವಂಥದ್ದು ಏನಾದರೂ ಇದರಿಂದ ಆಗುತ್ತದೆಯೇ? ಮೊದಲನೆಯದಕ್ಕೆ ದೊಡ್ಡ ಉತ್ತರ, ಎರಡನೆಯದಕ್ಕೆ "ಇಲ್ಲ", ಮೂರನೆಯದಕ್ಕೆ "ಹೌದು" ಎಂದು ಬಂದರೆ ಅದು ಪಟ್ಟಿಯ ಮೇಲ್ತುದಿಗೆ ಹೋಗಬೇಕು.

ಎರಡನೆಯ ಪ್ರಶ್ನೆಯಲ್ಲಿ ಎಡವುವವರು ಹೆಚ್ಚು. ಗೋ ಭಾಷೆಯ ಹಿಂದೆ ಗೂಗಲ್ ಇದೆ, ಸಿ ಶಾರ್ಪ್ ಹಿಂದೆ ಮೈಕ್ರೋಸಾಫ್ಟ್, ಸ್ವಿಫ್ಟ್ ಹಿಂದೆ ಆಪಲ್, ಜಾವಾ ಹಿಂದೆ ಒರಾಕಲ್. ಇಂಥ ಭಾಷೆಗಳ ಕಂಪೈಲರಿಗೆ ಸಾರ್ವಜನಿಕ ಹಣ ಸುರಿಯುವುದು ತುಂಬಿದ ಕೊಡಕ್ಕೆ ನೀರು ಹೊಯ್ದಂತೆ. ಹಾಗೆಂದು ಆ ಭಾಷೆಗಳ ಸುತ್ತಲಿನ ಎಲ್ಲವೂ ಸುರಕ್ಷಿತ ಎಂದುಕೊಳ್ಳಬಾರದು. ಲಾಗ್‌ಫೋರ್‌ಜೆ ಇದ್ದದ್ದು ಜಾವಾದಲ್ಲಿ. ಭಾಷೆ ಶ್ರೀಮಂತ ಕಂಪನಿಯೊಂದರ ಆಶ್ರಯದಲ್ಲಿತ್ತು, ಲೈಬ್ರರಿಯನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಸ್ವಯಂಸೇವಕರು. ಆದ್ದರಿಂದ ಪ್ರಶ್ನೆಯನ್ನು ಭಾಷೆಯ ಮಟ್ಟದಲ್ಲಿ ಕೇಳಿ ಬಿಡದೆ ಪ್ಯಾಕೇಜಿನ ಮಟ್ಟಕ್ಕೂ ಇಳಿಸಬೇಕು.

ಫೋರ್ಟ್ರಾನ್ ಇದಕ್ಕೆ ಎದುರು ತುದಿಯಲ್ಲಿದೆ. 1957ರಲ್ಲಿ ಐಬಿಎಂ ಹೊರತಂದ ಈ ಭಾಷೆಯಲ್ಲಿ ಇಂದಿಗೂ ಹವಾಮಾನ ಮಾದರಿಗಳೂ ಭೌತಶಾಸ್ತ್ರದ ಲೆಕ್ಕಾಚಾರಗಳೂ ನಡೆಯುತ್ತಿವೆ. ಅವುಗಳ ಬಳಕೆದಾರರು ಬಹುಪಾಲು ಸಾರ್ವಜನಿಕ ಸಂಸ್ಥೆಗಳೇ ಆಗಿರುವುದರಿಂದ ಮಾರುಕಟ್ಟೆಯಿಂದ ಹಣ ಬರುವ ಸಂಭವ ಕಡಿಮೆ. 2015ರಲ್ಲಿ ಅಮೆರಿಕದ ಅಣ್ವಸ್ತ್ರ ಭದ್ರತಾ ಆಡಳಿತವೂ ಅದರ ಮೂರು ರಾಷ್ಟ್ರೀಯ ಪ್ರಯೋಗಾಲಯಗಳೂ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಚೌಕಟ್ಟಿನ ತಳಹದಿಯ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ಫೋರ್ಟ್ರಾನ್ ಕಂಪೈಲರ್ ಒಂದನ್ನು ರೂಪಿಸಲು ಎನ್‌ವಿಡಿಯಾ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡವು; ಫ್ಲ್ಯಾಂಗ್ ಎಂಬುದು ಬೆಳೆದದ್ದು ಹಾಗೆ. ಸರ್ಕಾರ ಕೊಡದಿದ್ದರೆ ಬೇರಾರೂ ಕೊಡುವಂತಿರಲಿಲ್ಲ, ಕೊಟ್ಟದ್ದರ ಫಲ ಎಲ್ಲರ ಬಳಕೆಗೂ ಉಳಿಯಿತು. ಮೂರೂ ಪ್ರಶ್ನೆಗಳನ್ನು ಇಷ್ಟು ಸ್ಪಷ್ಟವಾಗಿ ದಾಟುವ ಖರ್ಚು ಅಪರೂಪ.

ಮೊದಲ ಪಾಲು: ನೋಡಿಕೊಳ್ಳುವವರಿಗೆ

ತಂತ್ರಾಂಶದ ಜಗತ್ತಿನಲ್ಲಿ ಮೇಂಟೇನರ್ ಎಂದು ಕರೆಯುವ ಜನರ ಕೆಲಸವನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಬಂದ ದೋಷವರದಿಗಳನ್ನು ಓದಿ ನಿಜವಾದದ್ದನ್ನು ಬೇರ್ಪಡಿಸುವುದು, ಬೇರೆಯವರು ಕಳಿಸಿದ ತಿದ್ದುಪಡಿಗಳನ್ನು ಸಾಲುಸಾಲಾಗಿ ಪರಿಶೀಲಿಸುವುದು, ಹೊಸ ಆವೃತ್ತಿ ಹೊರಬರುವ ಮುನ್ನ ಹಳೆಯ ಪ್ರೋಗ್ರಾಮುಗಳು ಮುರಿಯದಂತೆ ನೋಡಿಕೊಳ್ಳುವುದು, ಭದ್ರತೆಯ ದೋಷ ಬಂದರೆ ರಾತ್ರಿಯೆಂದು ನೋಡದೆ ಪರಿಹಾರ ಹೊರಡಿಸುವುದು ಅವರ ನಿತ್ಯದ ಕೆಲಸ. ಜಗತ್ತಿನ ಬಹುತೇಕ ಜಾಲತಾಣಗಳು ಅವಲಂಬಿಸಿರುವ ಪಿಎಚ್‌ಪಿಯಂಥ ಭಾಷೆಯಲ್ಲೂ ಈ ಹೊರೆ ಕೆಲವೇ ಜನರ ಮೇಲಿತ್ತು. ಅವರಲ್ಲಿ ಪ್ರಮುಖರಾದ ನಿಕಿತಾ ಪೊಪೊವ್ ಬೇರೆ ಕೆಲಸದತ್ತ ಹೊರಟಾಗ, ಅಂದರೆ 2021ರ ನವೆಂಬರಿನಲ್ಲಿ, ಆ ಭಾಷೆಗೊಂದು ಪ್ರತಿಷ್ಠಾನವನ್ನು ಕಟ್ಟುವ ತುರ್ತು ಎಲ್ಲರಿಗೂ ಮನದಟ್ಟಾಯಿತು.

ದಣಿದ ಒಬ್ಬನೇ ಮೇಂಟೇನರ್ ಎಂಥ ಅಪಾಯಕ್ಕೆ ದಾರಿಯಾಗಬಲ್ಲನೆಂಬುದನ್ನು 2024ರ ಮಾರ್ಚಿನಲ್ಲಿ ಬಯಲಾದ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ತಂತ್ರಾಂಶದ ಪ್ರಕರಣ ತೋರಿಸಿತು. ಸುಳ್ಳು ಹೆಸರಿನಲ್ಲಿ ಬಂದ ಒಬ್ಬರು ಎರಡು ವರ್ಷಕ್ಕೂ ಹೆಚ್ಚು ಕಾಲ ಉಪಕಾರಿಯಂತೆ ನಡೆದುಕೊಂಡು, ನಂಬಿಕೆ ಗಳಿಸಿ, ಆವೃತ್ತಿ ಹೊರಡಿಸುವ ಅಧಿಕಾರವನ್ನು ಪಡೆದು, ಕೋಡಿನೊಳಗೆ ಕಳ್ಳದಾರಿಯನ್ನು ಸೇರಿಸಿದರು. ಆಂಡ್ರೆಸ್ ಫ್ರೆಯಂಡ್ ಎಂಬ ಎಂಜಿನಿಯರ್, ಲಾಗಿನ್ ಆಗುವಾಗ ಅರ್ಧ ಸೆಕೆಂಡಿನಷ್ಟು ಹೆಚ್ಚಿನ ವಿಳಂಬವಾಗುತ್ತಿರುವುದನ್ನು ಗಮನಿಸಿ ಬೆನ್ನುಹತ್ತಿದ್ದರಿಂದ ಅನಾಹುತ ತಪ್ಪಿತು. ಆ ಮೇಂಟೇನರಿಗೆ ಸಂಬಳವೂ ಜೊತೆಗೊಬ್ಬ ಸಹಾಯಕರೂ ಇದ್ದಿದ್ದರೆ ಅಪರಿಚಿತನ ನೆರವನ್ನು ಅಷ್ಟು ಸುಲಭವಾಗಿ ನೆಚ್ಚಿಕೊಳ್ಳುವ ಸ್ಥಿತಿ ಬರುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಒಬ್ಬರ ಮೇಲೆ ನಿಂತಿರುವ ಕಡೆಯಲ್ಲಿ ಎರಡನೆಯವರನ್ನು ನಿಲ್ಲಿಸುವುದಕ್ಕಿಂತ ಸಾರ್ಥಕವಾದ ಖರ್ಚು ಈ ಕ್ಷೇತ್ರದಲ್ಲಿ ನನಗೆ ಕಾಣುತ್ತಿಲ್ಲ.

ಪ್ಯಾಕೇಜ್ ಭಂಡಾರವೂ ಇದೇ ಮೊದಲ ಪಾಲಿಗೆ ಸೇರಬೇಕು. 2016ರ ಮಾರ್ಚಿನಲ್ಲಿ ಜಾವಾಸ್ಕ್ರಿಪ್ಟಿನ ಭಂಡಾರದಿಂದ ಕೇವಲ 11 ಸಾಲಿನ ಒಂದು ಪ್ಯಾಕೇಜನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ ಜಗತ್ತಿನಾದ್ಯಂತ ಸಾವಿರಾರು ಯೋಜನೆಗಳಲ್ಲಿ ತಂತ್ರಾಂಶವನ್ನು ಜೋಡಿಸುವ ಕೆಲಸ ನಿಂತುಹೋಯಿತು. ಭಂಡಾರದ ಸರ್ವರುಗಳು, ಪ್ರವೇಶದ ಭದ್ರತೆ, ಕೆಟ್ಟ ಪ್ಯಾಕೇಜುಗಳನ್ನು ಕಿತ್ತುಹಾಕುವ ತಂಡ, ಪ್ಯಾಕೇಜು ಎಲ್ಲಿ ತಯಾರಾಯಿತು ಎಂದು ದೃಢಪಡಿಸುವ ಸಹಿಯ ವ್ಯವಸ್ಥೆ, ಈ ಯಾವುದರಿಂದಲೂ ಲಾಭ ಬರುವುದಿಲ್ಲ, ಎಲ್ಲರಿಗೂ ಉಪಯೋಗವಿದೆ. ಜರ್ಮನಿ 2022ರಲ್ಲಿ ಆರಂಭಿಸಿದ ಸಾವರಿನ್ ಟೆಕ್ ಫಂಡ್ ಈ ತರ್ಕವನ್ನು ಒಪ್ಪಿಕೊಂಡ ಮೊದಲ ಸರ್ಕಾರಿ ವ್ಯವಸ್ಥೆಗಳಲ್ಲಿ ಒಂದು. ಫೋರ್ಟ್ರಾನ್ ಭಾಷೆಯ ಸಲಕರಣೆಗಳು, ರೂಬಿಯ ಪ್ಯಾಕೇಜ್ ವ್ಯವಸ್ಥೆ, ಪಿಎಚ್‌ಪಿ ಇವೆಲ್ಲಕ್ಕೂ ಅದರಿಂದ ಹಣ ಹೋಗಿದೆ. ಹೊಸ ಯೋಜನೆ ರೂಪಿಸುವವರು ಅದರ ನಡಾವಳಿಯನ್ನು ಓದಿ ನೋಡುವುದು ಒಳ್ಳೆಯದು.

ಎರಡನೆಯ ಪಾಲು: ಹಳೆಯದರಿಂದ ಹೊಸದಕ್ಕೆ

ಸಿ ಮತ್ತು ಸಿ ಪ್ಲಸ್ ಪ್ಲಸ್‌ನಂಥ ಭಾಷೆಗಳಲ್ಲಿ ಮೆಮೊರಿಯನ್ನು ಪ್ರೋಗ್ರಾಮರೇ ನಿಭಾಯಿಸಬೇಕಾಗಿರುವುದರಿಂದ ಹುಟ್ಟುವ ದೋಷಗಳು ಭದ್ರತೆಯ ಬಹುದೊಡ್ಡ ತಲೆನೋವು. ತಮ್ಮ ಉತ್ಪನ್ನಗಳ ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು ಶೇ. 70ರಷ್ಟು ಈ ಬಗೆಯವು ಎಂದು ಮೈಕ್ರೋಸಾಫ್ಟ್ ಮತ್ತು ಗೂಗಲ್‌ನ ಕ್ರೋಮ್ ತಂಡ ಪ್ರತ್ಯೇಕವಾಗಿ ಹೇಳಿವೆ. 2024ರ ಫೆಬ್ರುವರಿಯಲ್ಲಿ ಶ್ವೇತಭವನದ ಸೈಬರ್ ನಿರ್ದೇಶಕರ ಕಚೇರಿಯೇ ಮೆಮೊರಿ ಸುರಕ್ಷತೆಯಿರುವ ಭಾಷೆಗಳತ್ತ ಸಾಗಬೇಕೆಂದು ವರದಿ ಹೊರಡಿಸಿತು. ಅಂಥ ವರದಿಯನ್ನು ಓದಿದ ಇಲಾಖೆಗೆ ಹಳೆಯ ಕೋಡನ್ನೆಲ್ಲ ಅಂಥದ್ದೊಂದಾದ ರಸ್ಟ್ ಭಾಷೆಗೆ ಬದಲಿಸುವ ಮಹಾಯೋಜನೆಯೊಂದನ್ನು ಘೋಷಿಸಬೇಕೆನಿಸುವುದು ಸಹಜ. ಹಾಗೆ ಮಾಡಬಾರದು.

ಆಂಡ್ರಾಯ್ಡ್‌ನ ಅನುಭವ ಇಲ್ಲಿ ದಾರಿ ತೋರಿಸುತ್ತದೆ. 2019ರಲ್ಲಿ ಅದರ ಭದ್ರತಾ ದೋಷಗಳಲ್ಲಿ ಶೇ. 76ರಷ್ಟಿದ್ದ ಮೆಮೊರಿ ದೋಷಗಳ ಪಾಲು 2024ರ ವೇಳೆಗೆ ಶೇ. 24ಕ್ಕೆ ಇಳಿಯಿತು. ಅದನ್ನು ಸಾಧಿಸಲು ಹಳೆಯ ಕೋಡನ್ನೆಲ್ಲ ಪುನಃ ಬರೆಯಲಿಲ್ಲ. ಹೊಸ ಕೋಡನ್ನು ಸುರಕ್ಷಿತ ಭಾಷೆಗಳಲ್ಲಿ ಬರೆಯುತ್ತ ಹೋದರು. ದೋಷಗಳು ಹೆಚ್ಚಾಗಿ ಹೊಸ ಕೋಡಿನಲ್ಲಿರುತ್ತವೆ, ವರ್ಷಗಟ್ಟಲೆ ಬಳಕೆಯಲ್ಲಿದ್ದು ಸೋಸಿಹೋದ ಕೋಡಿನಲ್ಲಿ ಕಡಿಮೆ. ಆದ್ದರಿಂದ ಸರ್ಕಾರದ ಹಣ ಎರಡು ಭಾಷೆಗಳ ಕೋಡು ಒಂದೇ ತಂತ್ರಾಂಶದೊಳಗೆ ಒಗ್ಗೂಡಿ ಕೆಲಸ ಮಾಡುವಂತೆ ಮಾಡುವ ಸಲಕರಣೆಗಳಿಗೆ, ಹೊಸ ಕಂಪೈಲರುಗಳನ್ನು ಸುರಕ್ಷತಾ ಪ್ರಮಾಣಪತ್ರಕ್ಕೆ ಅರ್ಹಗೊಳಿಸುವ ಪರೀಕ್ಷೆಗಳಿಗೆ, ಜಾಲಕ್ಕೆ ನೇರವಾಗಿ ತೆರೆದುಕೊಂಡಿರುವ ಕೆಲವೇ ಭಾಗಗಳ ಮರುಬರವಣಿಗೆಗೆ ಹೋಗಬೇಕು. ಉಳಿದದ್ದು ತಾನಾಗಿ ಬದಲಾಗಲು ಕಾಲಾವಕಾಶ ಕೊಡಬೇಕು.

ಆ ಕಾಲಾವಕಾಶ ಎಷ್ಟು ದೀರ್ಘವಾಗಿರಬಹುದೆಂಬುದಕ್ಕೆ ಪೈಥಾನ್ ಸಾಕ್ಷಿ. ಮೂರನೆಯ ಆವೃತ್ತಿ 2008ರ ಡಿಸೆಂಬರಿನಲ್ಲಿ ಬಂತು, ಎರಡನೆಯದಕ್ಕೆ ಬೆಂಬಲ ಮುಗಿದದ್ದು 2020ರ ಜನವರಿ 1ರಂದು. ಒಂದೇ ಭಾಷೆಯ ಎರಡು ಆವೃತ್ತಿಗಳ ನಡುವಿನ ಹಾದಿಗೆ ಹನ್ನೊಂದು ವರ್ಷ ಬೇಕಾಯಿತು. ಆವೃತ್ತಿ ಬದಲಾವಣೆಯ ಖರ್ಚನ್ನು ಒಂದು ಸಲದ ಯೋಜನೆಯೆಂದು ತೋರಿಸದೆ, ಕಟ್ಟಡದ ದುರಸ್ತಿಯಂತೆ ಪ್ರತಿವರ್ಷದ ವೆಚ್ಚವೆಂದು ಬರೆಯುವುದು ಪ್ರಾಮಾಣಿಕವಾದ ಕ್ರಮ.

ಮಾನದಂಡ, ಪರೀಕ್ಷೆ, ಕಲಿಕೆ

ಸರ್ಕಾರ ಅನೇಕ ಕಂಪನಿಗಳಿಂದ ಒಂದೇ ಭಾಷೆಯ ಕಂಪೈಲರುಗಳನ್ನು ಕೊಳ್ಳುವುದಾದರೆ ಮಾನದಂಡಕ್ಕೆ ಬೆಲೆಯಿದೆ. 1959ರಲ್ಲಿ ಪೆಂಟಗನ್‌ನಲ್ಲಿ ನಡೆದ ಸಭೆಯಿಂದ ಕೋಬಾಲ್ ಮೂಡಿಬಂತು. 1960ರ ಡಿಸೆಂಬರಿನಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಗಣಕಗಳ ಮೇಲೆ ಹೆಚ್ಚುಕಡಿಮೆ ಒಂದೇ ಕೋಬಾಲ್ ಪ್ರೋಗ್ರಾಮು ಓಡಿ ತೋರಿಸಿತು. ಖರೀದಿದಾರನಾದ ಸರ್ಕಾರಕ್ಕೆ ಅದರಿಂದ ನೇರ ಲಾಭವಿತ್ತು. ರೂಬಿ 2011ರಲ್ಲಿ ಜಪಾನಿನ ಕೈಗಾರಿಕಾ ಮಾನದಂಡವಾಗಿ, 2012ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಗಿ ಅಂಗೀಕಾರ ಪಡೆಯಿತು. ಆದರೆ ಬಹುತೇಕ ಆಧುನಿಕ ಭಾಷೆಗಳಿಗೆ ಒಂದೇ ಮುಖ್ಯ ಕಂಪೈಲರ್ ಇರುತ್ತದೆ. ಅಂಥ ಕಡೆ ಮಾನದಂಡದ ದಾಖಲೆಗಿಂತ, ಕಂಪೈಲರ್ ಸರಿಯಾಗಿ ವರ್ತಿಸುತ್ತಿದೆಯೇ ಎಂದು ನೋಡುವ ಪರೀಕ್ಷಾ ಸಂಗ್ರಹಕ್ಕೆ ಹಣ ಕೊಡುವುದು ಮೇಲು. ದಾಖಲೆ ಹಳತಾಗುತ್ತದೆ, ಪರೀಕ್ಷೆ ದಿನದಿನವೂ ಓಡುತ್ತದೆ.

ಕಲಿಕೆಯ ಮಟ್ಟಿಗೆ ಹೇಳುವುದಾದರೆ, ಮಾರುಕಟ್ಟೆಯಲ್ಲಿ ಬೇಡಿಕೆಯಿರುವ ಭಾಷೆಗೆ ಪಾಠಗಳು ತಾವಾಗಿ ಹುಟ್ಟುತ್ತವೆ. ಬೇಡಿಕೆ ಕಡಿಮೆಯಿದ್ದೂ ಸೇವೆಗಳಿಗೆ ಅನಿವಾರ್ಯವಾದ ಭಾಷೆಗಳ ಕೈಪಿಡಿ, ಅನುವಾದ ಮತ್ತು ಶಿಷ್ಯವೃತ್ತಿಗಳಿಗೆ ಸರ್ಕಾರ ಖರ್ಚು ಮಾಡಬೇಕು. ಮಕ್ಕಳ ಕಲಿಕೆಯ ಭಾಷೆಗಳು ಬೇರೆ ಮಾತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನಿಂದ ಎಂಐಟಿಯಲ್ಲಿ ಬೆಳೆದು 2007ರಲ್ಲಿ ಹೊರಬಂದ ಸ್ಕ್ರ್ಯಾಚ್ ಅಂಥ ಹಣಕ್ಕೆ ಸಿಕ್ಕ ಒಳ್ಳೆಯ ಫಲ.

ಹೊಸ ಭಾಷೆ ಕಟ್ಟುವ ಆಸೆ

ಹೊಸ ಭಾಷೆಯನ್ನು ಸಂಶೋಧನೆಯ ಲೆಕ್ಕದಲ್ಲಿ ಬರೆಯಬೇಕೇ ಹೊರತು ಮೂಲಸೌಕರ್ಯದ ಲೆಕ್ಕದಲ್ಲಲ್ಲ. ಜಪಾನ್ 1982ರಿಂದ ಹತ್ತು ವರ್ಷ ನಡೆಸಿದ ಐದನೆಯ ತಲೆಮಾರಿನ ಗಣಕ ಯೋಜನೆ ತರ್ಕದ ನಿಯಮಗಳ ರೂಪದಲ್ಲಿ ಪ್ರೋಗ್ರಾಮು ಬರೆಯುವ ಭಾಷೆಗಳ ಮೇಲೆ ನಿಂತಿತ್ತು. 5,000 ಕೋಟಿ ಯೆನ್‌ಗೂ ಹೆಚ್ಚು ಖರ್ಚಾದ ಮೇಲೂ ಆ ಭಾಷೆಗಳು ಉದ್ಯಮದ ಬಳಕೆಗೆ ಇಳಿಯಲಿಲ್ಲ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2002ರಲ್ಲಿ ಆರಂಭಿಸಿದ ಸೂಪರ್‌ಕಂಪ್ಯೂಟರ್ ಯೋಜನೆಯಿಂದ ಮೂರು ಭಾಷೆಗಳು ಹುಟ್ಟಿದವು. ಸನ್ ಸಂಸ್ಥೆಯ ಫೋರ್ಟ್ರೆಸ್ 2012ರಲ್ಲಿ ನಿಂತುಹೋಯಿತು, ಐಬಿಎಂನ ಎಕ್ಸ್‌ಟೆನ್ ಮಸುಕಾಯಿತು, ಕ್ರೇ ಸಂಸ್ಥೆಯ ಚಾಪೆಲ್ ಮಾತ್ರ ಡಾರ್ಪಾದ ಹಣ ಮುಗಿದ ಮೇಲೂ ತಂಡ ಕೈಬಿಡದ ಕಾರಣ ಇಂದಿಗೂ ಬದುಕಿದೆ. ಮೂರರಲ್ಲಿ ಒಂದು ಉಳಿದದ್ದು ಸಂಶೋಧನೆಯ ದೃಷ್ಟಿಯಿಂದ ಕೆಟ್ಟ ಫಲವೇನಲ್ಲ. ಆದರೆ ಮೂರರಲ್ಲಿ ಯಾವುದರ ಮೇಲಾದರೂ ಪಿಂಚಣಿ ವ್ಯವಸ್ಥೆಯನ್ನು ಕಟ್ಟಿದ್ದರೆ ಗತಿಯೇನು ಎಂದು ಯೋಚಿಸಬೇಕು.

ಸಂಶೋಧನೆಯ ಹಣಕ್ಕೆ ತಾಳ್ಮೆ ಬೇಕು. ಫ್ರಾನ್ಸಿನ ಸಾರ್ವಜನಿಕ ಸಂಸ್ಥೆ ಇನ್ರಿಯಾ ದಶಕಗಳಿಂದ ಒಕ್ಯಾಮ್ಲ್ ಭಾಷೆಯನ್ನೂ ಅದರ ಪೂರ್ವರೂಪಗಳನ್ನೂ ಪೋಷಿಸಿದೆ. ರಸ್ಟ್ ಭಾಷೆಯ ಮೊಟ್ಟಮೊದಲ ಕಂಪೈಲರನ್ನು ಬರೆದದ್ದು ಒಕ್ಯಾಮ್ಲ್‌ನಲ್ಲಿ. ಅಂಥ ಫಲವನ್ನು ಯಾವ ಅರ್ಜಿಯಲ್ಲೂ ಮುಂಚಿತವಾಗಿ ಬರೆದುಕೊಡಲು ಆಗುವುದಿಲ್ಲ.

ನೂರು ಪಾಲಿನಲ್ಲಿ ಯಾವುದಕ್ಕೆ ಎಷ್ಟು ಎಂದು ಕೇಳಿದರೆ, ಸುಮಾರು ಐವತ್ತನ್ನು ನೋಡಿಕೊಳ್ಳುವವರಿಗೂ ಭದ್ರತೆಗೂ, ಇಪ್ಪತ್ತೈದನ್ನು ಹಳೆಯದರಿಂದ ಹೊಸದಕ್ಕೆ ಸಾಗುವ ಕೆಲಸಕ್ಕೆ, ಹದಿನೈದನ್ನು ಪರೀಕ್ಷೆ ಮತ್ತು ಕಲಿಕೆಗೆ, ಉಳಿದ ಹತ್ತನ್ನು ಸಂಶೋಧನೆಗೆ ಇಡುತ್ತೇನೆ. ಇದು ನನ್ನ ತೀರ್ಮಾನವಷ್ಟೆ. ಮೊದಲು ಮಾಡಿದ ಪಟ್ಟಿ ಬೇರೆ ಹೇಳಿದರೆ ಪಟ್ಟಿಯ ಮಾತನ್ನೇ ಕೇಳಬೇಕು.

ಹಣ ಕೊಡುವ ಬಗೆ

ಸರಿಯಾದ ಕಡೆಗೆ ಹೊರಟ ಹಣವೂ ತಪ್ಪು ಬಗೆಯಲ್ಲಿ ತಲುಪಿದರೆ ವ್ಯರ್ಥ. ಇಬ್ಬರೇ ನಡೆಸುವ ಲೈಬ್ರರಿಗೆ ಅರವತ್ತು ಪುಟದ ಅರ್ಜಿ, ಠೇವಣಿ, ಕಡಿಮೆ ದರದ ಟೆಂಡರ್ ಎಂದರೆ ಅವರು ಬರುವುದಿಲ್ಲ. ಅರ್ಜಿ ತುಂಬುವುದರಲ್ಲಿ ನುರಿತವರು ಬರುತ್ತಾರೆ. ಆದ್ದರಿಂದ ಇಲಾಖೆಯೇ ಮುಂದಾಗಿ ಅಗತ್ಯವಿರುವ ಯೋಜನೆಯನ್ನು ಹುಡುಕಿ, ಚಿಕ್ಕ ಒಪ್ಪಂದದಲ್ಲಿ, ಕೆಲಸದ ಹಂತಕ್ಕೆ ತಕ್ಕ ಕಂತುಗಳಲ್ಲಿ, ಕನಿಷ್ಠ ಮೂರು ವರ್ಷದ ಭರವಸೆಯೊಂದಿಗೆ ಕೊಡುವುದು ಒಳ್ಳೆಯದು. ಒಂದೇ ವರ್ಷದ ದೊಡ್ಡ ಮೊತ್ತವನ್ನು ನಂಬಿ ಯಾರೂ ಇದ್ದ ಕೆಲಸ ಬಿಟ್ಟು ಬರುವುದಿಲ್ಲ.

ಶರತ್ತುಗಳಲ್ಲಿ ಎರಡನ್ನು ಬಿಡಲೇಬಾರದು. ಬರೆದ ಕೋಡು ಮುಕ್ತ ಪರವಾನಗಿಯಲ್ಲಿರಬೇಕು, ಮತ್ತು ಅದು ಸರ್ಕಾರದ ಪ್ರತ್ಯೇಕ ಪ್ರತಿಯಲ್ಲಿ ಉಳಿಯದೆ ಭಾಷೆಯ ಮೂಲ ಯೋಜನೆಗೇ ಸೇರಬೇಕು. ಪ್ರತ್ಯೇಕ ಪ್ರತಿ ಇಟ್ಟುಕೊಂಡವರು ಪ್ರತಿ ಹೊಸ ಆವೃತ್ತಿಗೂ ಅದೇ ಕೆಲಸವನ್ನು ಮರಳಿ ಮಾಡುತ್ತಾರೆ. ಉಳಿದ ಶರತ್ತುಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. 2025ರಲ್ಲಿ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್, ತನಗೆ ಶಿಫಾರಸಾಗಿದ್ದ 15 ಲಕ್ಷ ಡಾಲರಿನ ಅಮೆರಿಕ ಸರ್ಕಾರದ ಅನುದಾನದ ಪ್ರಸ್ತಾವವನ್ನು ಹಿಂತೆಗೆದುಕೊಂಡಿತು. ಪ್ಯಾಕೇಜ್ ಭಂಡಾರದ ಭದ್ರತೆಗಾಗಿ ಇದ್ದ ಆ ಹಣದ ಶರತ್ತು ಸಂಸ್ಥೆಯ ಎಲ್ಲ ಚಟುವಟಿಕೆಗಳಿಗೂ ಅನ್ವಯಿಸುತ್ತಿತ್ತು, ಮೀರಿದರೆ ಖರ್ಚಾದ ಹಣವನ್ನೂ ಮರಳಿ ಕೇಳುವ ಅವಕಾಶವಿತ್ತು. ಹಣದ ಉದ್ದೇಶಕ್ಕೆ ಸಂಬಂಧಿಸದ ಶರತ್ತು ಆ ಉದ್ದೇಶವನ್ನೇ ನಿಲ್ಲಿಸಿಬಿಡಬಹುದು.

ಭಾಷೆಯ ಮುಂದಿನ ದಾರಿಯನ್ನು ನಿರ್ಧರಿಸುವ ಅಧಿಕಾರವನ್ನೂ ಹಣದ ಜೊತೆ ಕೇಳಬಾರದು. ಹೊಸ ಸೌಲಭ್ಯ ಬೇಕಿದ್ದರೆ ಇಲಾಖೆಯ ಎಂಜಿನಿಯರುಗಳು ಎಲ್ಲರಂತೆ ಬಹಿರಂಗ ಪ್ರಸ್ತಾವ ಬರೆದು, ಟೀಕೆ ಎದುರಿಸಿ ಒಪ್ಪಿಸಲಿ.

ಫಲವನ್ನು ಅಳೆಯುವಾಗ ಡೌನ್‌ಲೋಡ್ ಸಂಖ್ಯೆಯನ್ನು ನೆಚ್ಚಬೇಡಿ. ಅದರಲ್ಲಿ ಬಹುಪಾಲು ಯಂತ್ರಗಳು ಯಂತ್ರಗಳಿಗಾಗಿ ಮಾಡಿಕೊಳ್ಳುವುದು. ಭದ್ರತೆಯ ದೋಷ ವರದಿಯಾದ ದಿನದಿಂದ ಪರಿಹಾರ ಹೊರಬೀಳುವವರೆಗೆ ಎಷ್ಟು ದಿನ, ಆವೃತ್ತಿ ಹೊರಡಿಸುವ ಅಧಿಕಾರವಿರುವವರು ಎಷ್ಟು ಮಂದಿ, ಪರಿಶೀಲನೆಗೆ ಕಾದಿರುವ ತಿದ್ದುಪಡಿಗಳ ವಯಸ್ಸೆಷ್ಟು, ಬೆಂಬಲ ಮುಗಿದ ಆವೃತ್ತಿಯ ಮೇಲೆ ಓಡುತ್ತಿರುವ ಸೇವೆಗಳೆಷ್ಟು ಎಂಬ ನಾಲ್ಕು ಅಂಕಿಗಳನ್ನು ಪ್ರತಿ ಆರು ತಿಂಗಳಿಗೆ ನೋಡಿದರೆ ಸಾಕಷ್ಟು ತಿಳಿಯುತ್ತದೆ.

ಹಣ ನಿಲ್ಲಿಸುವ ದಿನವನ್ನೂ ಮೊದಲೇ ಯೋಚಿಸಿರಬೇಕು. ಎರಡು ವರ್ಷ ಮುಂಚಿತವಾಗಿ ತಿಳಿಸಿ, ಪಾಲನ್ನು ಮೆಲ್ಲಗೆ ಇಳಿಸಬೇಕು. ಈ ವಿಷಯದಲ್ಲಿ ಅಡಾದಿಂದ ಮತ್ತೊಂದು ಪಾಠವಿದೆ. ಅಮೆರಿಕದ ರಕ್ಷಣಾ ಇಲಾಖೆ ಅದನ್ನು ಕಡ್ಡಾಯಗೊಳಿಸಿದ ಆದೇಶ 1997ರಲ್ಲಿ ಕೊನೆಗೊಂಡಿತು, ಆದೇಶದ ಬಲದಿಂದ ಮಾತ್ರ ಬಳಸುತ್ತಿದ್ದವರು ಹೊರಟುಹೋದರು. ಆದರೆ 1990ರ ದಶಕದಲ್ಲೇ ಅಮೆರಿಕದ ವಾಯುಪಡೆ ನ್ಯೂಯಾರ್ಕ್ ವಿಶ್ವವಿದ್ಯಾಲಯಕ್ಕೆ ಹಣ ಕೊಟ್ಟು ಗ್ನ್ಯಾಟ್ ಎಂಬ ಮುಕ್ತ ಅಡಾ ಕಂಪೈಲರನ್ನು ಬರೆಸಿತ್ತು. ಬರೆದವರು 1994ರಲ್ಲಿ ಅದರ ಸುತ್ತ ಒಂದು ಕಂಪನಿ ಕಟ್ಟಿಕೊಂಡರು, ಕಂಪೈಲರ್ ಜಿಸಿಸಿ ಎಂಬ ಮುಕ್ತ ಕಂಪೈಲರ್ ಸಂಗ್ರಹದ ಭಾಗವಾಯಿತು, ವಿಮಾನಗಳ ಮತ್ತು ರೈಲುಗಳ ತಂತ್ರಾಂಶ ಇವತ್ತಿಗೂ ಅದರಲ್ಲಿ ತಯಾರಾಗುತ್ತಿದೆ.